ಗೋಡೆಗೊಂದು ಚಿತ್ರ: ಯಾರು ನೋಡುವುದು, ಎಲ್ಲಿಂದ ನೋಡುವುದು?

ಮೈಸೂರಿನ ಜಗನ್ಮೋಹನ ಅರಮನೆಯ ಕಲಾಗ್ಯಾಲರಿಗೆ ಹೋದವರೆಲ್ಲ ತಪ್ಪದೆ ನಿಂತು ನೋಡುವ ಚಿತ್ರ ಒಂದಿದೆ. ಒಂದು ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿ ನಿಂತ ಹೆಣ್ಣು. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಸೋರಿ ಮುಖಕ್ಕೆ ಬೀಳುತ್ತದೆ. ರಾಜಾ ರವಿವರ್ಮನದೆಂದೇ ಬಹಳ ಮಂದಿ ತಿಳಿದುಕೊಂಡಿರುವ ಈ ಚಿತ್ರ ಬರೆದವರು ಎಸ್.ಎಲ್. ಹಲ್ದಣಕರ್, 1945–46ರ ಸುಮಾರಿಗೆ. ರೂಪದರ್ಶಿಯಾಗಿ ನಿಂತದ್ದು ಅವರ ಸ್ವಂತ ಮಗಳು. ಎಣ್ಣೆಬಣ್ಣವಲ್ಲ, ಬರೀ ಜಲವರ್ಣ. ಗ್ಯಾಲರಿಯವರು ಅದನ್ನು ಮಬ್ಬುಗತ್ತಲಲ್ಲಿ ಇಟ್ಟಿದ್ದಾರೆ; ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ದೀಪ ನಿಜವಾಗಿಯೂ ಉರಿಯುತ್ತಿದೆ ಅನಿಸುತ್ತದೆ. ಇದೇ ಚಿತ್ರದ ಪ್ರಿಂಟು ಕರ್ನಾಟಕದ ಎಷ್ಟೋ ಮನೆಗಳ ಹಾಲ್‌ನಲ್ಲಿದೆ, ಟ್ಯೂಬ್‌ಲೈಟಿನ ಸರಿ ಕೆಳಗೆ, ಗಾಜಿನ ತುಂಬ ಎದುರು ಕಿಟಕಿಯ ಪ್ರತಿಬಿಂಬ ಹೊತ್ತುಕೊಂಡು. ಅಲ್ಲಿ ದೀಪ ಉರಿಯುವುದಿಲ್ಲ.

ಮನೆಗೆ ಚಿತ್ರ ಬೇಕೆನ್ನುವವರು ಅಂಗಡಿಯಿಂದ ಶುರು ಮಾಡುತ್ತಾರೆ, ಇಲ್ಲವೇ ಫೋನಿನಿಂದ. ಶುರು ಮಾಡಬೇಕಾದ್ದು ಗೋಡೆಯಿಂದ. ಈ ಗೋಡೆಯನ್ನು ದಿನವೂ ನೋಡುವವರು ಯಾರು? ಕೂತು ನೋಡುತ್ತಾರೋ, ದಾಟಿಕೊಂಡು ಹೋಗುವಾಗ ನೋಡುತ್ತಾರೋ? ಬೆಳಕು ಯಾವ ಕಡೆಯಿಂದ ಬರುತ್ತದೆ? ಮಳೆಗಾಲದಲ್ಲಿ ಈ ಗೋಡೆ ತೇವ ಹಿಡಿಯುತ್ತದೋ? ಇಷ್ಟು ಗೊತ್ತಾದರೆ ಯಾವ ಚಿತ್ರ ಎನ್ನುವ ಪ್ರಶ್ನೆ ಅರ್ಧ ಕರಗಿರುತ್ತದೆ. ಉಳಿದರ್ಧ ನಿಮ್ಮ ರುಚಿಗೆ ಬಿಟ್ಟದ್ದು, ಅದರಲ್ಲಿ ಯಾರೂ ಬಾಯಿ ಹಾಕಬಾರದು.

ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗೋಡೆಗೆ ಏರಿದ್ದಕ್ಕೆಲ್ಲ ಒಂದೊಂದು ಕೆಲಸ ಇತ್ತು. ದೇವರ ಪಟ ಪೂಜೆಗೆ. ಅಜ್ಜ-ಅಜ್ಜಿಯ ಫೋಟೊ ನೆನಪಿಗೆ. ಕ್ಯಾಲೆಂಡರು ಏಕಾದಶಿ, ಸಂಕಷ್ಟಿ, ಹಾಲಿನ ಲೆಕ್ಕಕ್ಕೆ. ಪಟಗಳೆಲ್ಲ ಬಾಗಿಲಿಗಿಂತ ಮೇಲೆ, ಜಂತಿಯ ಹತ್ತಿರ, ಮುಂದಕ್ಕೆ ಬಾಗಿಸಿ ತೂಗುಬಿಟ್ಟಿರುತ್ತಿದ್ದವು. ಹಿಂದಿನ ಸಂದಿಯಲ್ಲಿ ಗುಬ್ಬಚ್ಚಿ ಸಂಸಾರ ಹೂಡಿದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಹಿರಿಯರೂ ದೇವರೂ ಮೇಲಿನಿಂದ ಮನೆಯನ್ನು ನೋಡಿಕೊಳ್ಳಬೇಕು ಎನ್ನುವ ಏರ್ಪಾಡು ಅದು. ನಾವು ಅವರನ್ನು ನೋಡುವುದು ಆಮೇಲಿನ ಮಾತು.

ಆ ಪಟಗಳಿಗೂ ಒಂದು ಚರಿತ್ರೆ ಇದೆ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಗಿ, ಕಲ್ಲಚ್ಚಿನಲ್ಲಿ ಬಣ್ಣಬಣ್ಣದ ಲಕ್ಷ್ಮಿ, ಸರಸ್ವತಿಯರು ಹೊರಬಂದ ಮೇಲೆ, ದೊಡ್ಡವರ ತೊಟ್ಟಿಮನೆಯಲ್ಲೂ ಬಡವರ ಗುಡಿಸಲಲ್ಲೂ ಒಂದೇ ದೇವಿ ನಿಂತಳು. ಮುಂದೆ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರಂಥವರು ಕ್ಯಾಲೆಂಡರಿನ ದೇವರಿಗೆ ಮಾಂಸಖಂಡ, ಮೈಕಾಂತಿ, ಸಿನಿಮಾ ಪೋಸ್ಟರಿನ ಬೆಳಕು ಕೊಟ್ಟರು. ಇವನ್ನೆಲ್ಲ ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿಯುವ ಕಾಲ ಒಂದಿತ್ತು. ಈಗ ಹಳೆಯ ಕಲ್ಲಚ್ಚಿನ ಪಟಗಳನ್ನು ಹುಡುಕಿಕೊಂಡು ಬರುವ ಸಂಗ್ರಾಹಕರಿದ್ದಾರೆ. ಊರಮನೆಯ ಅಟ್ಟದಲ್ಲಿ ಅಂಥದ್ದೊಂದು ಬಿದ್ದಿದ್ದರೆ, ಹೊಸ ಮನೆಗೆ ಚಿತ್ರ ಕೊಳ್ಳುವ ಮೊದಲು ಅಲ್ಲಿಗೊಮ್ಮೆ ಹತ್ತಿ ನೋಡಿ.

ಹೊಸ ಮನೆಯ ಕಷ್ಟ ಬೇರೆ. ದೇವರಿಗೆ ಬೇರೆ ಕೋಣೆ ಆಯಿತು, ಕ್ಯಾಲೆಂಡರು ಫೋನಿಗೆ ಹೋಯಿತು, ಹಾಲ್‌ನ ಮುಖ್ಯ ಗೋಡೆಯನ್ನು ಟಿ.ವಿ. ನುಂಗಿತು. ಉಳಿದ ಗೋಡೆಗಳು ಯಾವ ಕೆಲಸವೂ ಇಲ್ಲದೆ ಬೆಳ್ಳಗೆ ನಿಂತಿವೆ. ಅವನ್ನು ಗೃಹಪ್ರವೇಶದ ಹೊತ್ತಿಗೆ ಹೇಗಾದರೂ ತುಂಬಿಬಿಡಬೇಕೆನ್ನುವ ಗಡಿಬಿಡಿಯಲ್ಲಿ ಇಂಟೀರಿಯರ್‌ನವರು ಸೋಫಾ ಕುಶನ್ನಿನ ಬಣ್ಣಕ್ಕೆ ಹೊಂದುವ ಮೂರು ತುಂಡಿನ ಕ್ಯಾನ್ವಾಸ್ ಪ್ರಿಂಟ್ ತಂದು ಹೊಡೆದು ಹೋಗುತ್ತಾರೆ. ಕುಶನ್ ಕವರು ಎರಡು ದೀಪಾವಳಿ ಕಂಡರೆ ಹೆಚ್ಚು. ಚಿತ್ರ ಅದಕ್ಕಿಂತ ಬಹಳ ಕಾಲ ಇರುವಂಥದ್ದು. ಬೇಕಿದ್ದರೆ ಚಿತ್ರ ನೋಡಿ ಕುಶನ್ ಆರಿಸಿ. ಅದರ ತಿರುಗಾಮುರುಗಾ ಬೇಡ.

ಉಡುಗೊರೆಯಾಗಿ ಬಂದ ಪಟಗಳದ್ದು ಇನ್ನೊಂದು ಪೀಕಲಾಟ. ಮಿನುಗುವ ರಾಧಾಕೃಷ್ಣ, ಗಡಿಯಾರ ಹೊತ್ತ ಗಣೇಶ, ಓಡುವ ಏಳು ಕುದುರೆ. ಕುದುರೆಗಳು ಮನೆಯೊಳಗೆ ಓಡಬೇಕೋ ಹೊರಗೋ ಎಂಬ ಬಗ್ಗೆ ಒಂದು ಇಡೀ ಭಾನುವಾರ ವಾದ ನಡೆಯಬಲ್ಲದು. ವಾಸ್ತು ನಂಬುವವರು ನಂಬಲಿ, ಅದರಿಂದ ಚಿತ್ರಕ್ಕೇನೂ ನಷ್ಟವಿಲ್ಲ. ಆದರೆ ವಾಸ್ತುವಿಗೆಂದು ತಂದ ಕುದುರೆ ಪಟ ನಿಮ್ಮ ಕಣ್ಣಿಗೆ ಹಿಡಿಸದಿದ್ದರೆ ಅದನ್ನು ಹಾಲ್‌ನಲ್ಲೇ ಕಟ್ಟಿಹಾಕಬೇಕೆಂದು ಯಾರೂ ಹೇಳಿಲ್ಲ. ಕೊಟ್ಟವರು ಬಂದಾಗ ಕಣ್ಣಲ್ಲೇ ಹುಡುಕುತ್ತಾರೆ ಎನ್ನುವ ಭಯಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಸೋದರತ್ತೆ ಕೊಟ್ಟದ್ದಾದರೆ ತೂಗುಹಾಕಿಬಿಡುವುದೇ ಕ್ಷೇಮ.

ಹಾಗಾದರೆ ತರುವುದು ಏನನ್ನು? ಇಲ್ಲಿ ನನ್ನದೊಂದು ಪಕ್ಷಪಾತ ಇದೆ. ಕೈಯಿಂದ ಆದದ್ದು, ಚಿಕ್ಕದಾದರೂ ಸರಿ, ಕಾರ್ಖಾನೆಯಿಂದ ಬಂದ ದೊಡ್ಡದಕ್ಕಿಂತ ಮೇಲು. ಕಾರಣ ಸರಳ: ದಿನವೂ ನೋಡುವ ವಸ್ತುವಿನಲ್ಲಿ ಹತ್ತಿರ ಹೋದಾಗ ಏನಾದರೂ ಹೊಸದು ಕಾಣಬೇಕು. ಪ್ರಿಂಟಿನ ಹತ್ತಿರ ಹೋದರೆ ಕಾಣುವುದು ಚುಕ್ಕಿಗಳು.

ಮೈಸೂರು ಶೈಲಿಯ ಚಿತ್ರವನ್ನೇ ತೆಗೆದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ, ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇರುವ ಕಲೆ. ದೂರದಿಂದ ನೋಡಿದರೆ ಒಬ್ಬ ರಾಜರಾಜೇಶ್ವರಿ, ಒಂದು ಪಟ್ಟಾಭಿಷೇಕ. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಕಿರೀಟದ ಅಂಚು, ಸೀರೆಯ ಜರಿ, ಮಂಟಪದ ಕಂಬ ಎಲ್ಲ ಚಿತ್ರದ ಮೈಯಿಂದ ಕೂದಲೆಳೆಯಷ್ಟು ಎದ್ದು ನಿಂತಿವೆ. ಅದು ಗೆಸ್ಸೊ ಕೆಲಸ. ಬಲ್ಲವರು ಮಕ್ಕಿ ಸಫೇದ ಎನ್ನುತ್ತಾರೆ. ಬಿಳಿ ಪುಡಿ, ಹಳದಿ ಅಂಟು, ಗೋಂದು ಕೂಡಿಸಿ ಅರೆದು, ಸಣ್ಣ ಕುಂಚದಲ್ಲಿ ಗೆರೆಗೆರೆಯಾಗಿ, ಚುಕ್ಕಿಚುಕ್ಕಿಯಾಗಿ ಏರಿಸಿ, ಒಣಗಿದ ಮೇಲೆ ಚಿನ್ನದ ರೇಕು ಅಂಟಿಸಿ, ಮೇಲೊಂದು ಕಾಗದವಿಟ್ಟು ನುಣುಪು ಕಲ್ಲಿನಿಂದ ಉಜ್ಜುತ್ತಾರೆ. ಕರಡು ರೇಖೆ ಎಳೆಯಲು ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲು ಬಳಸುತ್ತಿದ್ದರು. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಗಾಜಿನ ಹರಳೂ ಉಂಟು. ಮೈಸೂರಿನದು ತಗ್ಗಿದ ದನಿಯದು. ಎರಡರಲ್ಲಿ ಯಾವುದು ಮೇಲು ಎನ್ನುವ ಜಗಳ ಬೇಡ. ಆದರೆ ಗೋಡೆಯ ಲೆಕ್ಕ ಬೇರೆಬೇರೆ. ತಂಜಾವೂರು ದೂರದಿಂದಲೇ ಕರೆಯುತ್ತದೆ, ದೊಡ್ಡ ಹಾಲ್‌ಗೆ ಒಗ್ಗುತ್ತದೆ. ಮೈಸೂರಿನದಕ್ಕೆ ನೋಡುವವರು ಹತ್ತಿರ ಹೋಗುವ ಜಾಗ ಬೇಕು: ಬಾಗಿಲು ದಾಟಿದೊಡನೆ ಸಿಗುವ ಗೋಡೆ, ಪಡಸಾಲೆಯ ತಿರುವು, ಓದುವ ಮೇಜಿನ ಪಕ್ಕ. ಬೆಳಕು ಎದುರಿನಿಂದ ಬೇಡ, ಬದಿಯಿಂದ ಬರಲಿ. ಬದಿಯ ಬೆಳಕಿಗೆ ಮಾತ್ರ ಆ ರೇಕು ಮಿನುಗುತ್ತದೆ.

ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದು: ಇದು ಚಿನ್ನದ ರೇಕೋ, ಚಿನ್ನದ ಬಣ್ಣದ ಲೋಹದ ರೇಕೋ? ತಾಮ್ರ–ಸತುವಿನ ರೇಕು ಅಂಗಡಿಯಲ್ಲಿ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ, ಆದರೆ ವರ್ಷಗಳು ಕಳೆದಂತೆ ಗಾಳಿ, ತೇವ ತಾಗಿ ಕಪ್ಪಿಡುತ್ತದೆ. ಚಿನ್ನ ಕಪ್ಪಾಗುವುದಿಲ್ಲ. ಬೆಲೆಯ ದೊಡ್ಡ ವ್ಯತ್ಯಾಸ ಇಲ್ಲಿದೆ, ಆಮೇಲೆ ಕೆಲಸದ ನಾಜೂಕಿನಲ್ಲಿ. ಯಾವ ರೇಕು ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಳ್ಳೆಯ ಕಲಾವಿದರು ಈ ಮಾತಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ನಿಮಗೆ ಉತ್ತರ ಸಿಕ್ಕಿತು.

ದೇವರ ಚಿತ್ರ ಹಾಲ್‌ನಲ್ಲಿ ಬೇಡ, ಆದರೆ ನಮ್ಮ ನೆಲದ್ದೇ ಬೇಕು ಎನ್ನುವವರಿಗೆ ಮಲೆನಾಡಿನ ಹಸೆ ಚಿತ್ತಾರ ಇದೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುತ್ತ ಬಂದದ್ದು. ಕೆಮ್ಮಣ್ಣು ಸಾರಿಸಿದ ಗೋಡೆ, ಅದರ ಮೇಲೆ ಅಕ್ಕಿ ಅರೆದ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಆ ನಾರಿನ ತುದಿಯಿಂದ ಎಳೆದ ಗೆರೆ ಎಷ್ಟು ತೆಳು, ಎಷ್ಟು ನೇರವೆಂದರೆ, ಪಕ್ಕದಲ್ಲಿ ಸ್ಕೇಲ್ ಇಟ್ಟಿದ್ದರೇನೋ ಎನ್ನಿಸುತ್ತದೆ. ಹತ್ತಿರ ಹೋದರೆ ಗೊತ್ತಾಗುತ್ತದೆ, ಒಂದೊಂದು ಗೆರೆಯೂ ನಡುವೆ ಉಸಿರು ತೆಗೆದುಕೊಂಡಿದೆ. ಚೌಕದೊಳಗೆ ಚೌಕ, ಜಾಲರಿಯೊಳಗೆ ಜಾಲರಿ, ನಡುವೆಲ್ಲೋ ಮದುಮಕ್ಕಳ ಪುಟ್ಟ ಆಕೃತಿ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊರುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ. ಈಗ ಇದು ಕಾಗದ, ಬಟ್ಟೆ, ಹಲಗೆಯ ಮೇಲೂ ಸಿಗುತ್ತದೆ. ಮಣ್ಣಿನ ಕೆಂಪು–ಬಿಳಿ ಆದ್ದರಿಂದ ಯಾವ ಸೋಫಾದ ಜತೆಗೂ ಜಗಳ ಆಡುವುದಿಲ್ಲ. ನನ್ನ ಮಟ್ಟಿಗೆ, ಅಪಾರ್ಟ್‌ಮೆಂಟಿನ ಚಪ್ಪಟೆ ಗೋಡೆಗೆ ಇದಕ್ಕಿಂತ ಒಗ್ಗುವ ಚಿತ್ರ ಇನ್ನೊಂದಿಲ್ಲ.

ಹಸೆ ಚಿತ್ತಾರದಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಅದು ಶಾಶ್ವತವಾಗಿರಲೆಂದು ಬರೆದದ್ದಲ್ಲ. ಮುಂದಿನ ಮದುವೆಗೆ ಗೋಡೆ ಸಾರಿಸಿ ಹೊಸದು ಬರೆಯುತ್ತಿದ್ದರು. ನಾವೋ, ಒಮ್ಮೆ ಮೊಳೆ ಹೊಡೆದರೆ ಮುಗಿಯಿತು, ಮನೆ ಮಾರುವ ತನಕ ಅದೇ ಚಿತ್ರ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿದ್ದದ್ದು ಕಣ್ಣಿಗೆ ಬೀಳುವುದೇ ನಿಂತುಹೋಗುತ್ತದೆ. ಇರುವ ನಾಲ್ಕೈದು ಚಿತ್ರಗಳನ್ನೇ ವರ್ಷಕ್ಕೊಮ್ಮೆ ಅದಲು ಬದಲು ಮಾಡಿ. ಮಲಗುವ ಕೋಣೆಯದು ಹಾಲ್‌ಗೆ ಬರಲಿ, ಒಂದು ಬೀರುವಿನಲ್ಲಿ ವಿಶ್ರಾಂತಿ ಪಡೆಯಲಿ. ಜಲವರ್ಣಕ್ಕೂ ಬಟ್ಟೆಯ ಮೇಲಿನ ಕಸೂತಿಗೂ ಬೆಳಕಿನಿಂದ ಬಿಡುವು ಸಿಕ್ಕಿದಂತೆ ಆಗುತ್ತದೆ.

ಎಲ್ಲಿ ಕೊಳ್ಳುವುದು ಎಂದರೆ, ಬೆಂಗಳೂರಿಗೆ ಹತ್ತಿರದವರಿಗೆ ಜನವರಿಯ ಚಿತ್ರಸಂತೆ ಇದ್ದೇ ಇದೆ. ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಶುರು ಮಾಡಿದ ಈ ಸಂತೆಯಲ್ಲಿ ನೂರು ರೂಪಾಯಿಯ ಸ್ಕೆಚ್ಚೂ ಸಿಗುತ್ತದೆ, ಲಕ್ಷದ ಕ್ಯಾನ್ವಾಸೂ ಸಿಗುತ್ತದೆ. ಬೆಳಗ್ಗೆ ಬೇಗ ಹೋದರೆ ನೆಮ್ಮದಿಯಾಗಿ ನೋಡಬಹುದು. ಮಧ್ಯಾಹ್ನದ ಹೊತ್ತಿಗೆ ಜನಜಂಗುಳಿಯಲ್ಲಿ ಚಿತ್ರಕ್ಕಿಂತ ತಲೆಗಳೇ ಕಾಣುತ್ತವೆ. ಮೊದಲ ಸುತ್ತಿನಲ್ಲಿ ಕೊಳ್ಳಬೇಡಿ. ಇಡೀ ಬೀದಿ ಸುತ್ತಿ ಬಂದು, ಒಂದು ಕಾಫಿ ಕುಡಿದು, ಯಾವುದು ಇನ್ನೂ ಕಣ್ಣೊಳಗಿದೆಯೋ ಅದರ ಹತ್ತಿರ ವಾಪಸು ಹೋಗಿ. ಬರೆದವರೇ ಅಲ್ಲಿ ಕೂತಿರುತ್ತಾರೆ: ಇದು ಏನು ಬಣ್ಣ, ಯಾವ ಕಾಗದ, ಬಿಸಿಲಿಗೆ ತಡೆಯುತ್ತದಾ ಎಂದು ನೇರ ಕೇಳಬಹುದು. ಚೌಕಾಸಿಯೂ ನಡೆಯುತ್ತದೆ, ಆದರೆ ತರಕಾರಿ ಮಾರುಕಟ್ಟೆಯ ಧಾಟಿಯಲ್ಲಿ ಅರ್ಧಕ್ಕೆ ಕೇಳುವುದು ಸೌಜನ್ಯವಲ್ಲ.

ಸಂತೆಗಿಂತ ನನಗೆ ಇಷ್ಟ ಕಲಾಶಾಲೆಗಳ ವಾರ್ಷಿಕ ಪ್ರದರ್ಶನ. ಮೈಸೂರಿನ ಕಾವಾ, ಬೆಂಗಳೂರಿನ ಪರಿಷತ್ತಿನ ಕಾಲೇಜು, ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ, ಉತ್ತರ ಕರ್ನಾಟಕದ ಕಲಾ ಕಾಲೇಜುಗಳು, ಇಲ್ಲೆಲ್ಲ ಓದುವ ಮಕ್ಕಳ ಕೆಲಸ ಕೈಗೆಟಕುವ ಬೆಲೆಗೆ ಸಿಗಬಹುದು. ಅದರಲ್ಲೂ ಮರದಚ್ಚು, ತಗಡಿನ ಎಚ್ಚಿಂಗ್ ಕಡೆ ಕಣ್ಣು ಹಾಯಿಸಿ. ಕಲಾವಿದ ತಾನೇ ಅಚ್ಚು ಕೆತ್ತಿ, ತಾನೇ ಮಸಿ ಹಚ್ಚಿ, ಎಣಿಸಿ ತೆಗೆದ ಪ್ರತಿಗಳಿವು. ಕೆಳಗೆ ಪೆನ್ಸಿಲಿನಲ್ಲಿ 3/20 ಎಂದಿದ್ದರೆ ಇಪ್ಪತ್ತು ಪ್ರತಿಗಳಲ್ಲಿ ಇದು ಮೂರನೆಯದು. ಕ್ಯಾನ್ವಾಸಿಗೆ ಹೋಲಿಸಿದರೆ ಬೆಲೆ ಕಡಿಮೆ, ಹಾಗೆಂದು ಇದು ಅಂಗಡಿಯ ಪ್ರಿಂಟಲ್ಲ. ಕೊಳ್ಳುವ ಮೊದಲು ಕಣ್ಣು ಪಳಗಿಸಿಕೊಳ್ಳಬೇಕೆಂದರೆ ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾಗ್ಯಾಲರಿಗೆ ಒಂದು ಸಂಜೆ ಮೀಸಲಿಡಿ. ಯಾವುದರ ಮುಂದೆ ನಿಮ್ಮ ಕಾಲು ತಾನಾಗಿ ನಿಂತಿತೋ ಅಲ್ಲಿದೆ ನಿಮ್ಮ ರುಚಿ. ರುಮಾಲೆ ಚೆನ್ನಬಸವಯ್ಯನವರ ಹೂಬಿಟ್ಟ ಮರಗಳೋ, ಕೆ.ಕೆ. ಹೆಬ್ಬಾರರ ಕುಣಿಯುವ ಗೆರೆಗಳೋ, ಏನೂ ಅರ್ಥವಾಗದ ಬಣ್ಣದ ರಾಶಿಯೋ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಚಿತ್ರ ಕೊಂಡಾದ ಮೇಲೆ ನಮ್ಮವರು ಜಿಪುಣರಾಗುವುದು ಕಟ್ಟು ಹಾಕಿಸುವಲ್ಲಿ. ಐದು ಸಾವಿರದ ಚಿತ್ರಕ್ಕೆ ಮುನ್ನೂರರ ಫ್ರೇಮು. ಅಂಗಡಿಯ ಮಾತುಕತೆ ಹೀಗೆ ನಡೆಯುತ್ತದೆ:

“ಮೌಂಟ್ ಹಾಕ್ಬೇಕಾ ಸಾರ್? ಹಾಕ್ದೇ ಇದ್ರೆ ಕಮ್ಮಿ ಆಗುತ್ತೆ.”

“ಹಾಗಾದ್ರೆ ಬೇಡ ಬಿಡಿ.”

ಬೇಡ ಎನ್ನಬೇಡಿ. ಚಿತ್ರದ ಸುತ್ತ ಬರುವ ಆ ದಪ್ಪ ಕಾಗದದ ಅಂಚು ಬರೀ ಅಂದಕ್ಕಲ್ಲ. ಗಾಜು ಚಿತ್ರಕ್ಕೆ ತಾಗದಂತೆ ದೂರ ಇಡುವುದು ಅದೇ. ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರುತ್ತದೆ. ತಾಗಿದ್ದರೆ ಆ ನೀರು ನೇರ ಕಾಗದಕ್ಕೆ ಇಳಿದು ಬೂಷ್ಟು ಬರುತ್ತದೆ, ಫೋಟೊ ಆದರೆ ಗಾಜಿಗೇ ಅಂಟಿಕೊಂಡು ಬಿಡಿಸಲು ಬಾರದಂತೆ ಆಗುತ್ತದೆ. ಎಷ್ಟೋ ಮನೆಗಳ ಮದುವೆ ಫೋಟೊದಲ್ಲಿ ಮದುಮಗನ ಅರ್ಧ ಮುಖ ಮಾಯವಾಗಿರುವುದು ಹೀಗೆ. ಮೌಂಟು ಆಮ್ಲರಹಿತ ಕಾಗದದ್ದಾಗಿರಲಿ. ಸಾಧಾರಣ ಬೋರ್ಡ್ ಕೆಲ ವರ್ಷಕ್ಕೆ ಹಳದಿಯಾಗಿ, ಆ ಹಳದಿ ಚಿತ್ರದ ಅಂಚಿಗೂ ಇಳಿಯುತ್ತದೆ. ಅಜ್ಜ-ಅಜ್ಜಿಯ ಹಳೆಯ ಕಪ್ಪುಬಿಳುಪು ಫೋಟೊ ಒಂದೇ ಪ್ರತಿ ಇದ್ದರೆ ಅದನ್ನು ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಕತ್ತಲಲ್ಲಿ ಇಡಿ.

ಮಲೆನಾಡು, ಕರಾವಳಿಯವರಿಗೆ ಇನ್ನೂ ಸ್ವಲ್ಪ ಕೆಲಸ ಹೆಚ್ಚು. ಮಳೆ ಹೊಡೆಯುವ ಹೊರಗೋಡೆಗೂ ಬಚ್ಚಲಿಗೆ ಅಂಟಿದ ಗೋಡೆಗೂ ಕಾಗದದ ಚಿತ್ರ ಬೇಡವೇ ಬೇಡ. ಫ್ರೇಮಿನ ಹಿಂದಿನ ಕೆಳಮೂಲೆಗಳಿಗೆ ಎರಡು ರಬ್ಬರು ಬಿಲ್ಲೆ ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಗೀಗ ತೆಗೆದು ಹಿಂಬದಿ ನೋಡಿ. ಗೆದ್ದಲು ಫ್ರೇಮಿನ ಹಲಗೆಗೆ ನುಗ್ಗುವುದು ಹಿಂದಿನಿಂದ, ಮುಂದಿನಿಂದ ಗೊತ್ತಾಗುವಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ. ಬಯಲುಸೀಮೆಯವರ ಶತ್ರು ಬಿಸಿಲು. ಪಡುವಣ ಕಿಟಕಿಯ ಎದುರಿನ ಗೋಡೆಯಲ್ಲಿ ಜಲವರ್ಣ ಹಾಕಿದರೆ ಕೆಲವು ಬೇಸಿಗೆಗಳಲ್ಲಿ ಬಣ್ಣ ಸಪ್ಪಗಾಗುತ್ತದೆ. ಅಂಥ ಗೋಡೆಗೆ ಬಿದರಿ ತಟ್ಟೆಯೋ ಮರದ ಕೆತ್ತನೆಯೋ ಸರಿ.

ಇನ್ನು ಮೊಳೆ. ಜಂತಿಯ ಹತ್ತಿರ ಪಟ ತೂಗಿದ ಅಭ್ಯಾಸ ಇನ್ನೂ ನಮ್ಮ ಕೈಯಲ್ಲಿದೆ. ಅದಕ್ಕೇ ಹೊಸ ಮನೆಗಳಲ್ಲೂ ಚಿತ್ರಗಳು ಒಂದಡಿ ಮೇಲೇ ಇರುತ್ತವೆ. ಸಂಗ್ರಹಾಲಯಗಳ ಲೆಕ್ಕದಲ್ಲಿ ಚಿತ್ರದ ನಡುಭಾಗ ನೆಲದಿಂದ 57–60 ಇಂಚು, ಅಂದರೆ ನಿಂತವರ ಕಣ್ಣಿನ ಮಟ್ಟ. ಅದು ನಿಂತು ನೋಡುವ ಜಾಗಕ್ಕೆ. ಹಾಲ್‌ನಲ್ಲಿ, ಊಟದ ಮೇಜಿನ ಹತ್ತಿರ, ನಾವು ಕೂತಿರುತ್ತೇವೆ, ಅಲ್ಲಿ ಇನ್ನೂ ಕೆಳಗೆ ಬರಲಿ. ನೆಲದ ಮೇಲೆ ಚಾಪೆ, ಜಮಖಾನೆ ಹಾಸಿ ಕೂರುವ ಮನೆಯಾದರೆ ಮತ್ತೂ ಕೆಳಗೆ. ಸೋಫಾದ ಮೇಲಾದರೆ ಬೆನ್ನಿನಿಂದ 6–8 ಇಂಚು ಬಿಟ್ಟು, ಅಗಲ ಸೋಫಾದ ಮೂರನೇ ಎರಡು ಭಾಗದಷ್ಟು: ಆರಡಿ ಸೋಫಾಕ್ಕೆ ನಾಲ್ಕಡಿ. ಅಷ್ಟು ದೊಡ್ಡದಿಲ್ಲದಿದ್ದರೆ ಎರಡು ಮೂರು ಚಿಕ್ಕವನ್ನು ಹತ್ತಿರ ಹತ್ತಿರ ಕೂರಿಸಿ ಒಂದೇ ಗುಂಪೆಂದು ಎಣಿಸಿ. ದೊಡ್ಡ ಗೋಡೆಯ ನಡುವೆ ಅಂಗೈಯಗಲದ ಒಂಟಿ ಫ್ರೇಮು ಮಾತ್ರ ಬೇಡ. ಖಾಲಿ ಗೋಡೆಯೇ ಅದಕ್ಕಿಂತ ಮರ್ಯಾದೆಯಾಗಿ ಕಾಣುತ್ತದೆ. ಅಳತೆ ಗೊಂದಲವಾದರೆ ಹಳೇ ಪೇಪರನ್ನು ಚಿತ್ರದ ಗಾತ್ರಕ್ಕೆ ಕತ್ತರಿಸಿ, ಟೇಪಿನಲ್ಲಿ ಗೋಡೆಗೆ ಅಂಟಿಸಿ ಒಂದು ವಾರ ಬಿಡಿ. ಮನೆಯವರೆಲ್ಲ ಆ ಪೇಪರಿನ ಬಗ್ಗೆ ಒಂದೊಂದು ಮಾತು ಹೇಳುತ್ತಾರೆ. ವಾರದ ಕೊನೆಗೆ ಅದು ಎಲ್ಲಿಗೆ ಸರಿದಿರುತ್ತದೋ ಅದೇ ಜಾಗ.

ಈಗಿನ ಎಷ್ಟೋ ಅಪಾರ್ಟ್‌ಮೆಂಟುಗಳ ಗೋಡೆ ಇಟ್ಟಿಗೆಯದಲ್ಲ, ಅಚ್ಚಿಗೆ ಸುರಿದ ಕಾಂಕ್ರೀಟಿನದು. ಸುತ್ತಿಗೆಯಿಂದ ಹೊಡೆದರೆ ಬಗ್ಗುವುದು ಮೊಳೆ, ಉದುರುವುದು ಗಾರೆ. ಹ್ಯಾಮರ್ ಡ್ರಿಲ್ ತಂದು ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಬೇಕು. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬೇಡಿ, ವಯರು ಓಡಿರುತ್ತದೆ. ಬಾಡಿಗೆ ಮನೆಯವರಿಗೆ ತೂತಿನ ಹಕ್ಕೇ ಇಲ್ಲದಿದ್ದರೆ ಚಿತ್ರವನ್ನು ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಬಹುದು, ನೋಡಲಿಕ್ಕೂ ಚೆನ್ನ.

ತೂಗುಹಾಕುವ ಮುಂಚೆ ಮರೆಯದೆ ಮಾಡಬೇಕಾದ ಒಂದು ಪುಟ್ಟ ಕೆಲಸ ಉಳಿದಿದೆ. ಒಂದು ಚೀಟಿಯ ಮೇಲೆ ಕಲಾವಿದರ ಹೆಸರು, ಬರೆದ ವರ್ಷ, ಯಾವುದರ ಮೇಲೆ ಯಾವುದರಿಂದ ಬರೆದದ್ದು, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು ಎಂದು ಬರೆದು ಫ್ರೇಮಿನ ಹಿಂಬದಿಗೆ ಅಂಟಿಸಿ. ಬಿಲ್ಲಿನ ಫೋಟೊ ಒಂದು ಫೋನಿನಲ್ಲಿರಲಿ. ಹಿಂಬದಿಗೆ ಎಂದರೆ ಫ್ರೇಮಿನ ಹಲಗೆಗೆ, ಚಿತ್ರದ ಬೆನ್ನಿಗಲ್ಲ. ಚಿತ್ರದ ಬೆನ್ನ ಮೇಲೆ ನೇರ ಬರೆಯುವುದಂತೂ ಬೇಡ, ಬಾಲ್‌ಪೆನ್ನಿನ ಒತ್ತು ಕಾಗದದ ಮುಂದಿನ ಮುಖದಲ್ಲಿ ಮೂಡುತ್ತದೆ.